ಹದಿನೇಳು ಅಂದ್ರ ನಿಮ್ಮ ಮುತ್ತ್ಯಾ

...ಆ ಫರ್ಸಿಕಲ್ಲು ಹಾಸಾಕ ಬಂದ ಮನುಷ್ಯಾಗ ಈಗ ಕರದಿ ನೋಡು, "ಏ ನೀಲಿ ಅಂಗಿ, ಈ ಕಡಿ ಬಾ" ಅಂತ, ನನ್ನ ಎದಿ ಝಲ್ಲಂತು. ನಗಬ್ಯಾಡ ತಂಗಿ. ಇಲ್ಲಿ ಕುಂದುರು. "ಆಯಿ, ಮುತ್ತ್ಯಾ ಯಾಕ ಕಾಲು ಎಳಕೊಂಡು ನಡೀತಾರ?" ಅಂತ ಕೇಳ್ತಿದ್ದೆಲ್ಲ, ಕೇಳು ಇವತ್ತ. ನಂದೂ ನಿಮ್ಮ ಮುತ್ತ್ಯಾಂದೂ ಲಗ್ನ ಆಗಿ ವರ್ಷಾನೂ ಆಗಿದ್ದಿಲ್ಲ, ನಮ್ಮೂರು ಐನಾಪುರಕ್ಕ ಒಬ್ಬಾಂವ ಮುಕಾದಮ ಬಂದ, ಕೂಲಿ ಮಂದಿ ಕೂಡಿಸಾಂವ. "ಶಹಾಬಾದ ಕಡಿ ಕಲ್ಲಿನ ಖಣಿಯಾಗ ಕೆಲಸ ಅದ, ಇರಾಕ ಖೋಲಿ ಅದ, ಗಂಡ ಹೆಂಡ್ತಿ ಇಬ್ಬರೂ ಬರ್ರಿ" ಅಂದ. ಮಾತು ಭಾಳ ಸಿಹಿ ಅವಂದು. ಬಸ್ಸಿನಾಗ ಹೋದ್ವಿ, ಅಲ್ಲಲ್ಲ, ಬಸ್ಸು ಕಾಳಗಿ ತನಕ, ಮುಂದ ಅವಂದೇ ಟ್ರ್ಯಾಕ್ಟರ. ಖಣಿ ಒಳಗ ಹೋದ್ವಿ, ಹಿಂದ ಗೇಟಿಗಿ ಕೀಲಿ ಬಿತ್ತು. ಸುತ್ತ ಮುಳ್ಳುತಂತಿ. ನಿಮ್ಮ ಮುತ್ತ್ಯಾನ ಮುಖ ನಾ ನೋಡಿದೆ, ನನ್ನ ಮುಖ ಅವರು ನೋಡಿದರು.

ಮರದಿನ ಮುಂಜಾನೆ ಕೆಂಪು ಬಣ್ಣದ ಡಬ್ಬಿ ತಂದರು. ಫರ್ಸಿಗಿ ನಂಬರ ಹಾಕ್ತಾರಲ್ಲ, ಅದೇ ಬಣ್ಣ, ಅದೇ ಕುಂಚ, ನಮ್ಮ ಬೆನ್ನ ಮ್ಯಾಲಿನ ಬಟ್ಟಿಗಿ ನಂಬರ ಬರದರು. ನಿಮ್ಮ ಮುತ್ತ್ಯಾ ಹದಿನೇಳು, ನಾ ಹದಿನೆಂಟು. "ನನ್ನ ಹೆಸರು ನಾಗಮ್ಮರಿ" ಅಂದೆ. "ಹೆಸರ ಯಾರಿಗಿ ಬೇಕು?" ಅಂದ ಮುಕಾದಮ. ಅವನ ನಾಯಿಗಿ ಮಾತ್ರ ಹೆಸರಿತ್ತು ನೋಡು. "ರಾಜಾ, ಬಾ ಬೇಟಾ, ರೊಟ್ಟಿ ತಿನ್ನು" ಅಂತಿದ್ದ. ನಮಗ ನಂಬರ ಹಿಡಿದು ಕೂಗಿದಾ ಅಂದ್ರ ಹೊಡತಾನೇ. ಇವತ್ತಿಗೂ ದವಾಖಾನಿಯಾಗ ಹದಿನೇಳು ಅಂತ ಟೋಕನ ಕೂಗಿದರ ನಿಮ್ಮ ಮುತ್ತ್ಯಾ ಎದ್ದು ಹೊರಗ ಹೋಗ್ತಾರ, ಗೊತ್ತದ ಇಲ್ಲ ನಿನಗ? ಏನು ಹೇಳಾಕತ್ತಿದ್ದೆ, ಹಾಂ, ಹುಲ್ಲು. ಲಾರಿಯಾಗ ಫರ್ಸಿ ಇಡಾಕ ಕೆಳಗ ಹುಲ್ಲು ಹಾಸ್ತಿದ್ರು, ಕಲ್ಲಿನ ಮೂಲಿ ಒಡೀಬಾರದಂತ. ನಾವು ಬರೇ ಬಂಡಿಗಲ್ಲಿನ ಮ್ಯಾಲ ಮಲಗ್ತಿದ್ವಿ. ಥಂಡಿ ದಿನದಾಗ ನಾ ಒಂದು ಹಿಡಿ ಹುಲ್ಲು ಕೇಳಿದೆ. "ಹುಚ್ಚಿ, ಕಲ್ಲಿಗಿ ಪೆಟ್ಟಾದ್ರ ಯಾರು ತಗೋತಾರ?" ಅಂದ.

ಒಂದು ಮಾತು ಹೇಳ್ತೀನಿ, ನಗ್ತೀ ನೀ. ನಮ್ಮ ಕಾಲದಾಗ ಗಂಡನ ಹೆಸರು ಹಿಡೀತಿದ್ದಿಲ್ಲ, ಹಿಡದರ ಅವರ ಆಯುಷ್ಯ ಕಮ್ಮಿ ಆಗ್ತದಂತ ನಮ್ಮವ್ವ ಹೆದರಿಸಿ ಇಟ್ಟಿದ್ದಳು. ಲಗ್ನದಾಗ ಒಮ್ಮೆ ಒಡಪಿನಾಗ, ಪದ ಕಟ್ಟಿ, ಸುತ್ತಿ ಹೇಳಿದ್ದೆ, ಅಷ್ಟೇ. ಅದಕ್ಕ ನನಗೂ ಆ ಹಾಳ ನಂಬರ ಸಲೀಸಾತು. "ಹದಿನೇಳು, ನೀರು ಕುಡೀರಿ" ಅಂತಿದ್ದೆ. ಅವರು ಬೆಚ್ಚಿ ಬೀಳ್ತಿದ್ದರು, ನಾನಂತ ನೋಡಿ ಆಮ್ಯಾಲ ನಗ್ತಿದ್ದರು.

ಒಂದಿನ ದೊಡ್ಡ ಫರ್ಸಿ ಜಾರಿ ಅವರ ಕಾಲ ಮ್ಯಾಲ ಬಿತ್ತು. ಮುಕಾದಮ ಓಡಿ ಬಂದ. ಕಾಲು ನೋಡಲಿಲ್ಲ, ಫರ್ಸಿ ಸವರಿದ. "ಅಯ್ಯ, ಫರ್ಸಿ ಮೂಲಿ ಹೋತಲ್ಲೋ!" ಅಂದ. ಆ ಮ್ಯಾಲ ಅವನ ಆಳು ಇಬ್ಬರು ಬಂದು ನಿಮ್ಮ ಮುತ್ತ್ಯಾಗ ಎತ್ತಿಕೊಂಡು ಹೋದರು. ಎಲ್ಲಿಗಿ ಅಂತ ಹೇಳಲಿಲ್ಲ. ಅಲ್ಲೇ ತಂತಿ ಒಳಗ ಕೆಲಸ ಮುಗದ ಹಳೇ ಖಣಿ ಏಸೋ ಇದ್ವು, ಕೆಲವು ತುಂಬ ನೀರು. ಕೇಳಾಕ ಹೋದ್ರ ಮುಕಾದಮ ನಾಯಿ ಬಿಡ್ತಿದ್ದ. ನಾ ಜೀವ ಕೈಯಾಗ ಹಿಡ್ಕೊಂಡು ಕಲ್ಲು ಹೊತ್ತೆ. ಅಂಜಿಕಿ ಅಂದ್ರ ಏನಂತ ಆಗ ಗೊತ್ತಾತು, ಅಳಾಕೂ ಬರಲ್ಲ ನೋಡು ಅದರಾಗ.

ಯಾರೋ ತಂತಿ ದಾಟಿ ಹೋಗಿ ಸುದ್ದಿ ಮುಟ್ಟಿಸಿದರು, ಒಂದು ಮಧ್ಯಾಹ್ನ ಸರ್ಕಾರಿ ಜೀಪು ಬಂತು. ನಮಗೆಲ್ಲ ಸಾಲಾಗಿ ನಿಂದ್ರಿಸಿದರು. "ಇಷ್ಟೇ ಮಂದಿರಿ ಸಾಹೇಬ್ರ, ಮತ್ಯಾರೂ ಇಲ್ಲ" ಅಂದ ಮುಕಾದಮ, ಅಂದು ನನ್ನ ಕಡಿ ನೋಡಿದ. ಮಂದಿ ಜೀಪು ಹತ್ತಾಕತ್ತಿದ್ರು. "ನಮ್ಮವರು ಒಬ್ಬರು ಇದ್ದಾರ್ರಿ" ಅಂದೆ. "ಹೆಸರೇನಮ್ಮಾ?" ಅಂದರು ಸಾಹೇಬ್ರು. ಗಂಡನ ಹೆಸರಿಗಿ ನಾಲಿಗಿ ಹೊಳ್ಳವಲ್ದು. "ಹದಿನೇಳು" ಅಂದೆ. ಸಾಹೇಬ್ರು ನನ್ನ ಮುಖ ನೋಡಿದರು, ಹುಚ್ಚಿ ಅಂತ ತಿಳಕೊಂಡರು. ನಾ ಹಳೇ ಖಣಿ ಕಡಿ ಓಡಿದೆ. ಒಂದೊಂದು ದಂಡಿಗಿ ನಿಂತು "ಹದಿನೇಳೂ!" ಅಂತ ಚೀರಿದೆ. ಉತ್ತರಿಲ್ಲ. ನೀರಿನ ಖಣಿ ಬಂದಾಗೆಲ್ಲ ಒಮ್ಮೆ ಕಣ್ಣು ಮುಚ್ಚಿ ಆಮ್ಯಾಲ ನೋಡ್ತಿದ್ದೆ. ಆಮ್ಯಾಲ ಗೊತ್ತಾತು, "ಯಾರರ ನಂಬರ ಕೂಗಿದಾಗ ಉಸಿರು ಬಿಟ್ಟೀ ಅಂದ್ರ ನಿನ್ನ ಹೆಂಡ್ತೀಗಿನೂ ಇಲ್ಲೇ ಹೂಳ್ತೀನಿ" ಅಂತ ಮುಕಾದಮ ಅವರಿಗಿ ಹೆದರಿಸಿದ್ದನಂತ, ಅವನೇ ನನ್ನ ಕಡಿಂದ ಕೂಗಿಸಿ ಪರೀಕ್ಷಾ ಮಾಡಾಕತ್ತಾನಂತ ಅವರು ಬಾಯಿ ಮುಚ್ಚಿಕೊಂಡು ಕುಂತಿದ್ದರು. ಆಗ ನನಗೇನು ಗೊತ್ತು? ಸತ್ತಾರಂತ ತಿಳಿದೆ. ಹಿಂದ ಜೀಪಿನ ಹಾರನ ಹೊಡ್ಯಾಕತ್ತಿದ್ರು. ಹೆಸರು ಹಿಡದರ ಆಯುಷ್ಯ ಕಮ್ಮಿ, ಹಿಡೀದಿದ್ದರ ಇಲ್ಲೇ ಬಿಟ್ಟು ಹೋಗಬೇಕು. ಒಡಪಿಲ್ಲ, ಏನಿಲ್ಲ, ಚೀರಿದೆ, "ಶರಣಪ್ಪಾ!"

ಆಮ್ಯಾಲ ನನ್ನ ಕಾಲ ಕೆಳಗಿನ ಖಣಿಯಿಂದ ಸಣ್ಣ ದನಿ ಬಂತು. "ನಾಗೀ... ನೀ ನನ್ನ ಹೆಸರು ಹಿಡದಿ?"

ಸಾಯಾಕ ಬಿದ್ದ ಮನುಷ್ಯಾ, ಅದನ್ನ ಕೇಳ್ತಾರ! ನಾ ಅಲ್ಲೇ ಕುಂತು ಅತ್ತೆ ನೋಡು, ತಡೀಲೇ ಇಲ್ಲ ಅಳು. ಸಾಹೇಬ್ರ ಮಂದಿ ಬಂದು ಅವರಿಗಿ ಮ್ಯಾಲ ಎತ್ತಿದರು, ಆ ಕಾಲು ಮಾತ್ರ ನೆಟ್ಟಗ ಆಗಲಿಲ್ಲ. ಆಯುಷ್ಯ ಕಮ್ಮಿ ಆಗ್ತದಂತ! ಒಳಗ ಕುಂತು ಚಾ ಇನ್ನೂ ಆಗಿಲ್ಲೇನು ಅಂತ ಒದರಾಕತ್ತಾರ, ಕೇಳಸ್ತಿಲ್ಲೇನು? ಏಳು, ಎರಡು ಕಪ್ಪು ತಗೊ. ಒಂದು ಮುತ್ತ್ಯಾಗ ಕೊಡು. ಇನ್ನೊಂದು ಆ ಫರ್ಸಿ ಹಾಸೋ ಮನುಷ್ಯಾಗ. ಮೊದಲ ಅವನ ಹೆಸರು ಕೇಳು, ಆಮ್ಯಾಲ ಚಾ ಕೊಡು.