ಅದೇ ಠಾಣೆಗೆ ಬಂದ ಅರ್ಜಿ

ಗೋಕಾಕ ಬಸ್ ನಿಲ್ದಾಣದಲ್ಲಿ ಶೋಭಾಳ ಪಕ್ಕದ ಬೆಂಚಿನ ಮೇಲೆ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಕುರಿಗಾರನೊಬ್ಬ ತನ್ನ ಮಾವನ ಮುಂದೆ ಕುದಿಯುತ್ತಿದ್ದ.

“ಪೊಲೀಸ ಕೈ ಮುರದಾನಂತ ದೊಡ್ಡ ಸಾಹೇಬ್ರಿಗೆ ಅರ್ಜಿ ಕೊಟ್ಟಿದ್ನಲ್ರಿ, ಅದರ ವಿಚಾರಣಿಗೆ ಯಾರ ಬಂದಿದ್ರು ಗೊತ್ತೈತೇನ್ರಿ?”

“ಯಾರೋ ಸಿದ್ರಾಯ?”

“ಮುರದಾವನ ಬಂದಿದ್ದ. ನನ್ನ ಅರ್ಜಿ ಅವನ ಕೈಯಾಗ ಇತ್ತು.”

“ಏನಂದ?”

“‘ತಪ್ಪು ತಿಳದು ಕೊಟ್ಟೇನಿ, ವಾಪಸ್ ತಗೋತೇನಿ’ ಅಂತ ತಾನ ಬರಕೊಂಡು ಬಂದಿದ್ದ. ಬಲಗೈ ಏಳೂದಿಲ್ಲಂದ್ರ, ಎಡಗೈ ಹೆಬ್ಬಟ್ಟ ಸಾಕಂದ.”

“ಒತ್ತಿದೇನು?”

“ದಿನಾ ಕುರಿ ಹೊಡಕೊಂಡು ಆ ಠಾಣೆ ಮುಂದನ ಹೋಗ್ಬೇಕಲ್ರಿ ಮಾವಾ. ಒತ್ತಿದ್ನಿ. ಈಗ ಹೊಟ್ಟಿ ಉರಿಯಾಕತ್ತೈತಿ. ಬೆಳಗಾವಿಗೆ ಹೋಗಿ ಇನ್ನೊಂದು ಅರ್ಜಿ ಕೊಡೂನು ಬರ್ರಿ.”

“ಅದರ ವಿಚಾರಣಿಗೂ ಅವನ ಬಂದ್ರ?”

“ಮೂರನೇದ್ದು ಕೊಡ್ತೇನ್ರಿ.”

ಬೆಳಗಾವಿ ಬಸ್ಸು ಬಂತು. ಶೋಭಾ ಸರಿದು ದಾರಿ ಬಿಟ್ಟಳು. ಮಾವನೇ ಮೊದಲು ಹತ್ತಿದ.