ಮುಟ್ಟದೆ ಕೂರುವುದು

ಮಕ್ಕಳ ಡಾಕ್ಟರ ಹೊರಕೋಣೆಯಲ್ಲಿ ನನ್ನೆದುರಿನ ಬೆಂಚಿನ ಮೇಲೆ ನನಗೆ ಗುರುತಿಲ್ಲದ ಒಬ್ಬ ಅತ್ತಿಗೆ, ಅವಳ ನಾದಿನಿ ಕೂತಿದ್ದರು. ಅತ್ತಿಗೆಯ ಪುಟ್ಟ ಮಗಳು ನಾದಿನಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಅತ್ತಿಗೆ ಅದನ್ನೇ ನೋಡುತ್ತಿದ್ದಳು.

“ನೈಟ್ ಶಿಫ್ಟ್ ಇಲ್ಲದ ದಿನ ನಾನೇ ಪಕ್ಕದಲ್ಲಿ ಮಲಗ್ತೀನಿ. ನಿದ್ದೇಲಿ ಎದ್ದು ಕೂತು ಚೀರ್ತಾಳೆ. ಎತ್ಕೊಂಡ್ರೆ ಒದೀತಾಳೆ. ಹೆತ್ತೋಳ್ನ ದೆವ್ವ ನೋಡ್ದಂಗೆ ನೋಡ್ತಾಳೆ. ನಿನ್ನ ಹತ್ರ ಆದ್ರೆ ಬೇಗ ಸುಮ್ಮನಾಗ್ತಾಳೆ ಅಂತಾರೆ ನಿಮ್ಮಣ್ಣ.”

“ನನ್ನ ಹತ್ರಾನೂ ಚೀರ್ತಾಳೆ ಅತ್ತಿಗೆ.”

“ಮತ್ತೆ ಏನು ಮಂತ್ರ ಹಾಕ್ತೀಯ?”

“ಮಂತ್ರಾನೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಬಿಟ್ಟಿದ್ರೂ ಅದು ನಿದ್ದೇನೇ. ಆಗ ಅವಳಿಗೆ ನೀವೂ ಗೊತ್ತಾಗಲ್ಲ, ನಾನೂ ಗೊತ್ತಾಗಲ್ಲ. ಗೋಡೆಗೆ ತಲೆ ಬಡೀಬಾರ್ದು ಅಂತ ದಿಂಬು ಇಟ್ಟು ಪಕ್ಕದಲ್ಲಿ ಕೂರ್ತೀನಿ, ಮುಟ್ಟಲ್ಲ. ಸ್ವಲ್ಪ ಹೊತ್ತಿಗೆ ತಾನೇ ಮಲಗ್ತಾಳೆ. ನೀವು ಲೈಟ್ ಹಾಕಿ, ಅಲ್ಲಾಡ್ಸಿ, ಮುಖಕ್ಕೆ ನೀರು ಹಾಕಿದ್ರೆ ಇನ್ನೂ ಜಾಸ್ತಿ ಆಗುತ್ತೆ.”

“ಮುಟ್ಟದೇನೇ ನನ್ನ ಮಗಳನ್ನ ನಿನ್ನೋಳು ಮಾಡ್ಕೊಂಡೆ ಅನ್ನು.”

“ಬೆಳಗ್ಗೆ ಅವಳಿಗೆ ಒಂದೂ ನೆನಪಿರಲ್ಲ. ನಿದ್ದೆಗೆಟ್ಟು ಕೂತೋಳು ನಾನು. ಅವಳು ಎದ್ದ ತಕ್ಷಣ ಕೇಳೋದು, ಅಮ್ಮ ಬಂದ್ಲಾ ಅಂತ. ಹೊಟ್ಟೆ ಉರಿಯೋದು ನಿಮಗೊಬ್ಬರಿಗೇ ಅಲ್ಲ.”

ಅತ್ತಿಗೆ ಮಗಳ ಜಾರಿದ ಕಾಲುಚೀಲವನ್ನು ಮೇಲೆಳೆದಳು.

“ಮಗುವಿನ ತಾಯಿ ಒಳಗೆ ಬನ್ನಿ,” ಎಂದಳು ನರ್ಸ್.

ನಾದಿನಿ ಮಗುವನ್ನು ಎತ್ತಿ ಅತ್ತಿಗೆಯ ಹೆಗಲಿಗೆ ಹಾಕಿ, ಮತ್ತೆ ಬೆಂಚಿನಲ್ಲಿ ಕೂತಳು. ಅತ್ತಿಗೆ ಬಾಗಿಲವರೆಗೆ ಹೋಗಿ ತಿರುಗಿದಳು.

“ನೀನೂ ಬಾ. ಹೇಳೋದೆಲ್ಲ ನೀನೇ ಹೇಳು. ಮಗು ಮಾತ್ರ ನನ್ನ ಹೆಗಲ ಮೇಲೇ ಇರುತ್ತೆ.”