ಹುರಿಗಡಲೆ ಪಣಕ್ಕಿಟ್ಟ ಶ್ರೀಮಂತ

“ನಾಳೆ ಆಡೋಣ ಕೂಸೇ. ನಾಳೆ ಕೂತೆ ಅಂದ್ರೆ ನೀನು ಸಾಕು ಅನ್ನೋ ತನಕ ಏಳೋದಿಲ್ಲ. ಇದು ಅಪ್ಪಾಜಿ ಮಾತು.”

ಒಂದೂರಿನ ಶ್ರೀಮಂತ ತನ್ನ ಪುಟ್ಟ ಮಗಳಿಗೆ ಹೀಗೆ ಮಾತು ಕೊಟ್ಟ. ಕೊಡುವಾಗ ಅವನಿನ್ನೂ ಶ್ರೀಮಂತನಾಗಿರಲಿಲ್ಲ, ಆಗುವ ದಾರಿಯಲ್ಲಿದ್ದ. ಒಂದು ಮಂಡಕ್ಕಿ ಭಟ್ಟಿ ಇತ್ತು, ಇನ್ನೊಂದು ಏಳುತ್ತಿತ್ತು. ಮಗು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಹಿಡಿದು ಕಾಯುತ್ತಿತ್ತು. ಅಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಮಗು ಏನಂತು ಗೊತ್ತೆ? ಕಾಲಿನ ಹೆಬ್ಬೆರಳಿನಿಂದ ಆ ಸುಣ್ಣದ ಗೆರೆಯನ್ನು ಕೆರೆಯುತ್ತ, “ಪರವಾಗಿಲ್ಲ ಅಪ್ಪಾಜಿ” ಅಂದಿತು.

ಅಪ್ಪ ಮಾತು ಕೇಳಿದ. ಹೆಬ್ಬೆರಳು ನೋಡಲಿಲ್ಲ. ನೀವು ನೋಡಿಕೊಂಡಿರಿ ತಾಯಂದಿರೇ, ಮುಂದೆ ಬೇಕಾಗುತ್ತದೆ.

ನಾಳೆ ಬಂತು. ನಾಳೆಗೇನು, ದಿನಾ ಬರುತ್ತದೆ. ಎರಡನೆಯ ಭಟ್ಟಿ ಎದ್ದಿತು, ಅಕ್ಕಿ ಗಿರಣಿ ಬಂತು, ಲಾರಿಗಳು ಬಂದವು. ಭಟ್ಟಿ ಉರಿಯುವಾಗ ಬಿಟ್ಟು ಬರುವ ಹಾಗಿಲ್ಲ, ಆರಿದರೆ ಮತ್ತೆ ಹೊತ್ತಿಸಬೇಕು. ಸುಳ್ಳೇನಲ್ಲ ಅದು. ನೋಡಿ, ಈ ಮನುಷ್ಯ ಕೆಟ್ಟವನಲ್ಲ. ಕುಡಿಯುವವನಲ್ಲ, ಬೈಯುವವನಲ್ಲ. ಮಗಳ ಶಾಲೆಗೆ, ಬಟ್ಟೆಗೆ, ಹಾಸ್ಟೆಲಿಗೆ ಏನೂ ಕಡಿಮೆ ಮಾಡಿದವನಲ್ಲ. ಮನೆಗೆ ಬರುವ ಹೊತ್ತಿಗೆ ಮೈಯೆಲ್ಲ ಹೊಗೆ, ಕಣ್ಣೆಲ್ಲ ನಿದ್ದೆ. ದುಡಿಯುವ ಮನುಷ್ಯ. ನಿಮ್ಮ ಹಾಗೆ, ನಿಮ್ಮ ಮನೆಯವರ ಹಾಗೆ.

ಮಗಳು ಬೆಳೆದಳು. ಮದುವೆ ಗೊತ್ತಾಯಿತು. ಬೀಗರು ಪಕ್ಕದ ಜಿಲ್ಲೆಯ ದೊಡ್ಡ ಕುಳ. ಅವರ ಮನೆಯಲ್ಲಿ ಒಂದು ರೂಢಿ ಉಂಟು. ಬೀಗರೂಟ ಮುಗಿದು ತಾಂಬೂಲ ಹಾಕಿಕೊಂಡ ಮೇಲೆ ಎರಡೂ ಕಡೆಯ ಗಂಡಸರು ಜಮಖಾನದ ಮೇಲೆ ಇಸ್ಪೀಟಿಗೆ ಕೂರಬೇಕು. ಹೆಣ್ಣಿನ ತಂದೆ ಕೂರಲೇಬೇಕು. ಅದೂ ರಮ್ಮಿ ಅಲ್ಲ. ಬೀಗರ ದೊಡ್ಡ ಮಗ ನಾಲ್ಕೂರು ಸುತ್ತಿ ಬಂದವನು, ಪೋಕರ್ ಅನ್ನುವ ಆಟ ಕಲಿತು ಬಂದು ಮನೆಮಂದಿಗೆಲ್ಲ ಅದರ ಹುಚ್ಚು ಹಿಡಿಸಿದ್ದ.

ನಿಶ್ಚಿತಾರ್ಥದ ದಿನ ಬೀಗರು ಮೀಸೆಯೊಳಗೇ ನಗುತ್ತ ಕೇಳಿದರು: “ಏನ್ ಬೀಗರೇ, ಪೋಕರ್ ಬರ್ತದಾ? ಇಲ್ಲಾ ಬರೀ ಮಂಡಕ್ಕಿ ಹುರಿಯೋದೋ?”

ಸುತ್ತ ಇದ್ದವರು ನಕ್ಕರು. ಶ್ರೀಮಂತನ ಕಿವಿ ಕೆಂಪಾಯಿತು. “ಬರದೆ ಏನು ಬೀಗರೇ! ಕೈ ತೋರಿಸ್ತೀನಿ ಬನ್ನಿ” ಅಂದುಬಿಟ್ಟ. ಬರುತ್ತಿತ್ತೆ? ಎಲ್ಲಿ ಬರಬೇಕು!

ಈಗ ನೋಡಿ, ನಮ್ಮ ಈ ಸಭೆಯಲ್ಲೇ ಹಿಂದೆ ಕಂಬಕ್ಕೆ ಒರಗಿದ್ದ ಯಜಮಾನರೆಲ್ಲ ನೆಟ್ಟಗೆ ಕೂತರು. ಇಷ್ಟು ಹೊತ್ತು ತೂಕಡಿಸುತ್ತಿದ್ದಿರಲ್ಲ ಸ್ವಾಮಿ? ಇಸ್ಪೀಟು ಅಂದ ಕೂಡಲೇ ಎಚ್ಚರವಾಯಿತೆ? ಇವತ್ತು ಇಸ್ಪೀಟಿನವರಿಗೆ ಬೈಗುಳ ಕಾದಿದೆ ಅಂತ ತಾಯಂದಿರು ಯಜಮಾನರ ಕಡೆಗೆ ತಿರುಗಿ ನೋಡುವುದೂ ಕಾಣುತ್ತಿದೆ. ತಾಳಿ. ಇವತ್ತಿನ ಬೈಗುಳ ಬೇರೆ.

ಮದುವೆಗೆ ಮುಂಚಿನ ಕೊನೆಯ ಭಾನುವಾರ. ಮುಂದಿನ ಭಾನುವಾರಕ್ಕೆ ಮಗಳು ಬೇರೆ ಮನೆಯವಳು. ಶ್ರೀಮಂತ ಎರಡು ದಿನದಿಂದ ಮೊಬೈಲಿನಲ್ಲಿ ಪೋಕರ್ ಪಾಠ ನೋಡಿ ತಲೆ ಕೆಡಿಸಿಕೊಂಡು, ಕಡೆಗೆ ಹೆಂಡತಿಯ ಮುಂದೆ ಗೋಳು ತೋಡಿಕೊಂಡ.

ಹೆಂಡತಿ ಸಂಡಿಗೆ ಒತ್ತುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ನಿಮ್ಮ ಮಗಳನ್ನ ಕೇಳ್ರೀ. ಅವಳಿಗೆ ಬರುತ್ತೆ.”

“ಯಾರಿಗೆ? ಕೂಸಿಗಾ? ಹೆಣ್ಣುಮಗಳು ಇಸ್ಪೀಟು ಆಡ್ತಾಳಾ?”

ಒಳಗಿನಿಂದ ಮಗಳ ದನಿ ಬಂತು: “ಹಾಸ್ಟೆಲಲ್ಲಿ ಕರೆಂಟ್ ಹೋದಾಗ ಇನ್ನೇನು ಮಾಡ್ಬೇಕಿತ್ತು ಅಪ್ಪಾಜಿ, ಭಜನೆನಾ?”

ಭಜನೆ ಮಾಡಬಹುದಿತ್ತು. ಇರಲಿ ಬಿಡಿ, ಕಥೆ ಮುಂದೆ ಹೋಗಬೇಕು.

ಪಡಸಾಲೆಯಲ್ಲಿ ಚಾಪೆ ಹಾಸಿದರು. ಪಣಕ್ಕೆ ಇಬ್ಬರ ಮುಂದೆಯೂ ಒಂದೊಂದು ಬಟ್ಟಲು ಹುರಿಗಡಲೆ. ಮಗಳು ಎಲೆ ಕಲಸಿ ಅಪ್ಪನಿಗೆ ಎರಡು, ತನಗೆ ಎರಡು ಬೋರಲು ಹಾಕಿದಳು. ಶ್ರೀಮಂತನದು ಭಟ್ಟಿ ಹಾಕುವ ಮುಂಚೆ, ಹುಡುಗನಾಗಿದ್ದಾಗ ರಮ್ಮಿಯಲ್ಲಿ ಪಳಗಿದ ಕೈ. ಆ ಎರಡೇ ಎಲೆಯನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದ, ಹಿಂದೆ ಮುಂದೆ ಮಾಡಿ ಜೋಡಿಸಿದ, ಇನ್ನೊಂದು ಎಳೆಯಲು ಇಸ್ಪೀಟಿನ ಕಟ್ಟಿಗೆ ಕೈ ಹಾಕಿದ. ಮಗಳು ಕೈಮೇಲೆ ಒಂದು ಕೊಟ್ಟಳು.

“ಎಳೆಯೋ ಹಂಗಿಲ್ಲ. ಬಂದಿದ್ದು ಬಂತು. ಈ ಎರಡೇ ನಿಮ್ಮವು.”

“ಎರಡರಲ್ಲಿ ಏನಾಗುತ್ತೆ ಕೂಸೇ? ಜೋಕರ್ ಆದ್ರೂ ತೆಗಿ.”

“ಜೋಕರ್ ಇಲ್ಲ ಅಪ್ಪಾಜಿ ಇದರಲ್ಲಿ.”

“ಜೋಕರ್ ಇಲ್ದೇ ಅದೆಂಥ ಆಟ!”

ಹೆಂಡತಿ ಸಂಡಿಗೆ ಒರಳಿನ ಹಿಂದಿನಿಂದ, “ಯಾಕಿಲ್ಲ, ಚಾಪೆ ಮೇಲೆ ಕೂತಿಲ್ವಾ?” ಅಂದಳು. ಶ್ರೀಮಂತ ಕೇಳಿಸದ ಹಾಗೆ ನಾಲ್ಕು ಹುರಿಗಡಲೆ ಬಾಯಿಗೆ ಹಾಕಿಕೊಂಡ.

ಮಗಳು ನಿಧಾನವಾಗಿ ಹೇಳಿಕೊಟ್ಟಳು. ಕೈಯಲ್ಲಿ ಎರಡು. ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು ಎಲೆ ಬಿಚ್ಚುವುದು, ಆಮೇಲೆ ಒಂದು, ಆಮೇಲೆ ಇನ್ನೊಂದು. ಕೈಯವು ಎರಡು, ನಡುವಿನವು ಐದು, ಒಟ್ಟು ಏಳು. ಅದರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದಂತೆ. ಒಂದೇ ಬೆಲೆಯ ಎರಡು ಬಂದರೆ ಜೋಡಿ. ಅದಕ್ಕಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಮೂರು ಒಂದೇ ಇರುವುದು. ಅದರ ಮೇಲೆ ಸಾಲಾಗಿ ಬರುವ ಐದು, ಅದರ ಮೇಲೆ ಐದೂ ಒಂದೇ ಜಾತಿಯವು. ಜಾತಿ ನೋಡಿದರೂ ತಪ್ಪಿಲ್ಲದ ಜಾಗ ಅಂತ ಇದ್ದರೆ ಅದೊಂದೇ ನೋಡಿ. ಒಂದೊಂದು ಸಲ ಎಲೆ ಬಿಚ್ಚಿದಾಗಲೂ ಮುಂದಕ್ಕೆ ಕಡಲೆ ಹಾಕಬಹುದು, ಹಾಕಿದವರಿಗೆ ಸರಿಸಮ ಹಾಕಬಹುದು, ಏರಿಸಬಹುದು. ಆಗದಿದ್ದರೆ ಎಲೆ ಬೋರಲು ಇಟ್ಟು ಸುಮ್ಮನಾಗಬಹುದು.

“ಜಾಸ್ತಿ ಸಲ ಸುಮ್ಮನಾಗೋದೇ ಸರಿ” ಅಂದಳು ಮಗಳು.

“ಸುಮ್ಮನಾಗೋಕೆ ಯಾಕೆ ಆಡಬೇಕು?” ಅಂದ ಅಪ್ಪ. ಹಿಡಿದದ್ದನ್ನು ಬಿಟ್ಟು ಗೊತ್ತಿಲ್ಲದ ಮನುಷ್ಯ. ಎರಡು, ಆರು ಅಂಥ ಕಸದ ಎಲೆ ಬಂದರೂ ಹಿಡಿದುಕೊಂಡೇ ಕೂತ. ಅಷ್ಟರಲ್ಲಿ ನಡುವೆ ಎರಡು ರಾಜ ಬಿಚ್ಚಿಕೊಂಡರು. ಶ್ರೀಮಂತ ಮಂಡಿಯ ಮೇಲೆ ಎದ್ದು ನಿಂತ.

“ರಾಜ ಜೋಡಿ! ಬಂದಾಯ್ತು! ಹಾಕು ಎಲ್ಲ!” ಅಂತ ಬಟ್ಟಲನ್ನೇ ಬೋರಲು ಹಾಕಿದ.

“ಅಪ್ಪಾಜಿ, ಆ ರಾಜರು ನಡುವೆ ಇದ್ದಾರೆ. ನಿಮಗೆಷ್ಟೋ ನನಗೂ ಅಷ್ಟೇ.” ಮಗಳು ತನ್ನ ಕೈಯಿಂದ ಒಂದು ಏಳು ತೆಗೆದು ನಡುವಿನ ಏಳರ ಪಕ್ಕ ಇಟ್ಟಳು. “ನನ್ನದು ಎರಡು ಜೋಡಿ.” ಕಡಲೆಯೆಲ್ಲ ಬಳಿದುಕೊಂಡಳು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಎಲ್ಲರ ನಡುವೆ ಬಿದ್ದಿರುವ ರಾಜನನ್ನು ನೋಡಿ ‘ನನ್ನ ರಾಜ’ ಅಂತ ಎದ್ದು ನಿಲ್ಲುವವರು ನಮ್ಮೂರಲ್ಲಿ ಇಲ್ಲವೆ? ಇದ್ದಾರೆ. ಅವರ ಹೆಸರು ಬೇಡ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಸರಿ, ಬಟ್ಟಲು ಖಾಲಿ. ಮಗಳೇ ತನ್ನ ರಾಶಿಯಿಂದ ಒಂದು ಹಿಡಿ ಕೊಟ್ಟಳು. “ತಿನ್ನಬೇಡಿ ಅಪ್ಪಾಜಿ, ಅದು ನಿಮ್ಮ ಬಂಡವಾಳ. ಮತ್ತೆ ಇನ್ನೊಂದು. ನಿಮಗೆ ಒಳ್ಳೆ ಎಲೆ ಬಂದ್ರೆ ಕಿವಿ ಕೆಂಪಗಾಗುತ್ತೆ. ಬೀಗರು ಎಲೆ ನೋಡೋದೇ ಬೇಡ, ನಿಮ್ಮ ಕಿವಿ ನೋಡಿದ್ರೆ ಸಾಕು.”

“ಅದಕ್ಕೇನು ಮಾಡ್ಲಿ, ಮಫ್ಲರ್ ಕಟ್ಕೊಳ್ಲಾ?”

“ನೀವು ಬರೀ ನಿಮ್ಮ ಎಲೆನೇ ನೋಡ್ತಾ ಕೂರ್ತೀರಿ. ಎದುರಿಗೆ ಕೂತವರನ್ನ ನೋಡಿ. ಕೈಯಲ್ಲಿ ಇರೋದು ಒಂದು, ಬಾಯಲ್ಲಿ ಹೇಳೋದು ಒಂದು. ಅದಕ್ಕೆ ಬ್ಲಫ್ ಅಂತಾರೆ. ಅದನ್ನ ಹಿಡಿಯೋಕೆ ಬಂದ್ರೆ ಆಟ ಬಂದಂಗೆ.”

ಶ್ರೀಮಂತ ಮೊದಲ ಸಲ ಎಲೆಯಿಂದ ಕಣ್ಣು ತೆಗೆದು ಮಗಳ ಮುಖ ನೋಡಿದ. ಎದುರಿಗೆ ಕೂತು ಇಷ್ಟು ಹತ್ತಿರದಿಂದ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಹುಬ್ಬು ಅವರಜ್ಜಿಯದು. ಗಲ್ಲದಲ್ಲಿ ಒಂದು ಸಣ್ಣ ಗಾಯದ ಕಲೆ. ಯಾವಾಗ ಬಿದ್ದಿದ್ದಳು? ಗೊತ್ತಿಲ್ಲ. ಮುಖದಲ್ಲಿ ಮಾತ್ರ ಏನೂ ಸಿಗಲಿಲ್ಲ, ತೊಳೆದಿಟ್ಟ ಕಲ್ಲಿನ ಹಾಗಿತ್ತು. ಆದರೆ ಎರಡು ಮೂರು ಆಟ ಕಳೆಯುವ ಹೊತ್ತಿಗೆ ಅವನಿಗೊಂದು ಸಂಗತಿ ಕಂಡಿತು. ಕೈಯಲ್ಲಿ ಏನೂ ಇಲ್ಲದೆ ಕಡಲೆ ಏರಿಸುವಾಗಲೆಲ್ಲ ಮಗಳ ಬಲಗಾಲಿನ ಹೆಬ್ಬೆರಳು ಚಾಪೆ ಕೆರೆಯುತ್ತಿತ್ತು.

ಮುಂದಿನ ಆಟದಲ್ಲಿ ಮಗಳು ಎರಡು ಹಿಡಿ ಕಡಲೆ ಮುಂದೆ ತಳ್ಳಿ, “ಬಿಟ್ಬಿಡಿ ಅಪ್ಪಾಜಿ, ನಂದು ದೊಡ್ಡದಿದೆ” ಅಂದಳು. ಹೆಬ್ಬೆರಳು ಕೆರೆಯಿತು. ಅಪ್ಪ ಬಿಡಲಿಲ್ಲ, ಸರಿಸಮ ಹಾಕಿದ. ಎಲೆ ಬಿಚ್ಚಿದರೆ ಅವನದು ಬರೀ ಒಂದು ನಾಲ್ಕರ ಜೋಡಿ. ಅವಳದು ಅದೂ ಇಲ್ಲ!

“ಲೇ ಇವಳೇ, ಗೆದ್ದೆ ಕಣೇ!” ಶ್ರೀಮಂತ ಹೆಂಡತಿಯನ್ನು ಕೂಗಿದ. ಎರಡು ಭಟ್ಟಿ, ಒಂದು ಗಿರಣಿ ಕಟ್ಟಿದ ದಿನಗಳಲ್ಲೂ ಅವನು ಹಾಗೆ ಕೂಗಿದವನಲ್ಲ.

“ಗೆದ್ದ ಕಡಲೆ ಇಲ್ಲಿ ಕೊಡ್ರಿ, ಚಟ್ನಿಗೆ ಬೇಕು” ಅಂದಳು ಆಕೆ.

ಆಗ ಫೋನು ಬಂತು. ಬೀಗರದ್ದು.

“ಬೀಗರೇ, ನಾವೆಲ್ಲ ತೋಟದ ಮನೇಲಿ ಸೇರೀವಿ. ದೊಡ್ಡ ದೊಡ್ಡೋರು ಬಂದಾರ. ಒಂದು ಕೈ ಕಡಿಮಿ ಬಿದ್ದೈತಿ. ಬೀಗರೂಟದ ತನಕ ಯಾಕ ಕಾಯೋದು? ಕಾರು ಕಳಿಸೀನಿ, ಬಂದ್ಬಿಡ್ರಿ. ಪೋಕರ್ ಬರ್ತದ ಅಂದಿದ್ರಲ್ಲ?”

ಅವನು ಇಷ್ಟೆಲ್ಲ ಕಲಿತದ್ದು ಯಾತಕ್ಕೆ? ಇದಕ್ಕೇ ತಾನೆ! ಮಂಡಕ್ಕಿ ಅಂತ ನಕ್ಕವರ ಮುಂದೆ ಕೂರುವುದಕ್ಕೆ. ಶ್ರೀಮಂತ ಎದ್ದೇಬಿಟ್ಟ. ಶರ್ಟಿನ ಮೇಲಿನ ಕಡಲೆ ಪುಡಿ ಕೊಡವಿಕೊಂಡ. ಚಪ್ಪಲಿಯಲ್ಲಿ ಒಂದು ಕಾಲು ಇಟ್ಟೂ ಆಯಿತು. ಆಗ ಮಗಳ ನೆನಪಾಗಿ ತಿರುಗಿದ.

“ಕೂಸೇ, ಬೀಗರು ಕರೀತಿದ್ದಾರೆ. ಸಂಜೆ ಬಂದು ಮತ್ತೆ...”

“ಹೋಗಿ ಬನ್ನಿ ಅಪ್ಪಾಜಿ” ಅಂದಳು ಮಗಳು, ಎಲೆ ಒಟ್ಟುಮಾಡುತ್ತ. ಮುಖ ತೊಳೆದಿಟ್ಟ ಕಲ್ಲು. “ಪರವಾಗಿಲ್ಲ.”

ಹೆಬ್ಬೆರಳು ಚಾಪೆ ಕೆರೆಯುತ್ತಿತ್ತು.

ಶ್ರೀಮಂತ ಹಾಗೇ ನಿಂತ. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ನೆಲದ ಮೇಲೆ. ಈ ಹೆಬ್ಬೆರಳನ್ನು ಎಲ್ಲೋ ನೋಡಿದ್ದೆನಲ್ಲ ಅನ್ನಿಸಿತು. ಇದೇ ಪಡಸಾಲೆ. ಇದೇ ಬಾಗಿಲು. ಸೀಮೆಸುಣ್ಣ. ಕವಡೆ. ಅವತ್ತು ಕಣ್ಣಿಗೆ ಬಿದ್ದಿತ್ತು, ಅವನು ನೋಡಿರಲಿಲ್ಲ ಅಷ್ಟೆ. ಎಷ್ಟು ‘ಪರವಾಗಿಲ್ಲ’ಗಳು ಆಗಿಹೋಗಿದ್ದವು ಆಮೇಲೆ! ಶಾಲೆಯ ನಾಟಕಕ್ಕೆ ಹೋಗದಿದ್ದಾಗ ಪರವಾಗಿಲ್ಲ. ಹಾಸ್ಟೆಲಿಗೆ ಬಿಟ್ಟುಬರಲು ಡ್ರೈವರನ್ನು ಕಳಿಸಿದಾಗ ಪರವಾಗಿಲ್ಲ. ಎಲ್ಲ ಸಲವೂ ಅವಳು ಬಾಯಲ್ಲಿ ಒಂದು ಹೇಳಿದ್ದಳು. ಎಲ್ಲ ಸಲವೂ ಅವನು ನಂಬಿ, ಹಗುರವಾಗಿ ಎದ್ದು ಹೋಗಿದ್ದ.

ಚಪ್ಪಲಿ ಬಿಟ್ಟ. ಫೋನು ಇನ್ನೂ ಕಿವಿಯಲ್ಲೇ ಇತ್ತು.

“ಬೀಗರೇ, ಬರೋಕಾಗಲ್ಲ. ಆಟಕ್ಕೆ ಕೂತಿದ್ದೀನಿ. ಮಗಳು ಸಾಕು ಅನ್ನೋ ತನಕ ಏಳೋ ಹಂಗಿಲ್ಲ, ಮಾತು ಕೊಟ್ಟಿದ್ದೀನಿ.”

ಆ ಕಡೆ ನಗು ಕೇಳಿತು. “ಮಗಳ ಕೂಡ ಇಸ್ಪೀಟಾ? ಮಂಡಕ್ಕಿ ಬೀಗರು ಹೆದರಿದ್ರು ನೋಡ್ರಪ್ಪಾ!” ಶ್ರೀಮಂತನ ಕಿವಿ ಕೆಂಪಾಯಿತು. ಆಗಲಿ ಅಂದುಕೊಂಡ. ಫೋನನ್ನು ಕಸದ ಎಲೆ ಇಟ್ಟ ಹಾಗೆ ಚಾಪೆಯ ಪಕ್ಕ ಬೋರಲು ಇಟ್ಟು, ಮಗಳ ಎದುರಿಗೆ ಕೂತ.

“ನಿನ್ನ ಎಲೆ ತೋರಿಸು.”

“ಯಾವ ಎಲೆ? ಆಟ ಮುಗೀತಲ್ಲ.”

“ಪರವಾಗಿಲ್ಲ ಅಂದ್ಯಲ್ಲ, ಅದು. ಬ್ಲಫ್ ಅದು. ನಾನು ಹಿಡಿದೆ.”

ಮಗಳು ಕಾಲನ್ನು ಲಂಗದ ಕೆಳಗೆ ಎಳೆದುಕೊಂಡಳು. ನಗಲು ನೋಡಿದಳು, ಆಗಲಿಲ್ಲ. ಸ್ವಲ್ಪ ಹೊತ್ತು ಎಲೆ ಕಲಸಿದಳು, ಅಗತ್ಯಕ್ಕಿಂತ ಜಾಸ್ತಿಯೇ ಕಲಸಿದಳು. ಆಮೇಲೆ, “ಹಾಕ್ತೀನಿ, ಕಡಲೆ ತಿನ್ನಬಾರ್ದು ಮತ್ತೆ” ಅಂದಳು.

ಕಥೆ ಇಷ್ಟು. ಬೀಗರೂಟದ ದಿನ ಆ ಶ್ರೀಮಂತ ಜಮಖಾನದ ಮೇಲೆ ಕೂತು ಚೆನ್ನಾಗಿ ಸೋತ, ಎಲ್ಲರೂ ನಕ್ಕರು, ಅವನೂ ನಕ್ಕ. ಅದನ್ನು ಬಿಡಿ.

ಈಗ ನಿಮ್ಮ ಸರದಿ. ಇಸ್ಪೀಟು ಆಡಿ ಅಂತ ಹೇಳುತ್ತಿದ್ದೇನೆಯೇ? ಇಲ್ಲ. ಆದರೆ ಹೇಳಿ, ನಿಮ್ಮ ಮನೆಯಲ್ಲಿ ದಿನಾ ಬ್ಲಫ್ ನಡೆಯುತ್ತಿಲ್ಲವೆ? ‘ನನಗೆ ಹಸಿವಿಲ್ಲ, ನೀವು ಉಣ್ಣಿ’ ಅನ್ನುತ್ತಾರಲ್ಲ ನಿಮ್ಮ ತಾಯಿ, ಅದು ಏನು? ‘ಮಂಡಿನೋವು ವಾಸಿ ಕಣೋ, ಡಾಕ್ಟರು ಬೇಡ’ ಅನ್ನುತ್ತಾರಲ್ಲ ನಿಮ್ಮ ತಂದೆ, ಅದು ಏನು? ‘ಈ ಸಲ ಹಬ್ಬಕ್ಕೆ ತವರಿಗೆ ಹೋಗದಿದ್ದರೂ ನಡೆಯುತ್ತೆ’ ಅಂದಳಲ್ಲ ನಿಮ್ಮ ಹೆಂಡತಿ? ‘ಪರವಾಗಿಲ್ಲ’ ಅಂದಿತಲ್ಲ ನಿಮ್ಮ ಮಗು? ನಾವು ನಂಬುತ್ತೇವೆ. ಯಾಕೆ ನಂಬುತ್ತೇವೆ? ನಂಬಿದರೆ ಚಪ್ಪಲಿ ಮೆಟ್ಟಿ ಹೋಗಬಹುದಲ್ಲ, ಅದಕ್ಕೆ! ದಣಿದಿದ್ದೇವೆ, ನಿಜ. ದುಡಿಮೆ ಬಿಡುವ ಹಾಗಿಲ್ಲ, ಅದೂ ನಿಜ. ಭಟ್ಟಿ ಆರಬಾರದು. ಆದರೆ ಎದುರಿಗಿರುವವರನ್ನು ನೋಡುವುದಕ್ಕೆ ಭಟ್ಟಿ ಆರಿಸಬೇಕಾಗಿಲ್ಲ.

ಇವತ್ತು ಮನೆಗೆ ಹೋಗಿ ಇಷ್ಟು ಮಾಡಿ. ಫೋನನ್ನು ಬೋರಲು ಇಡಿ. ಯಾರಾದರೂ ‘ಪರವಾಗಿಲ್ಲ’ ಅಂದರೆ ಮಾತು ಕೇಳಿ ಎದ್ದುಬಿಡಬೇಡಿ, ಒಂದು ಗಳಿಗೆ ಕೂತು ಮುಖ ನೋಡಿ. ಮುಖದಲ್ಲಿ ಸಿಗದಿದ್ದರೆ ಕಾಲು ನೋಡಿ. ಹೆಬ್ಬೆರಳು ಕೆರೆಯುತ್ತಿದ್ದರೆ ಚಪ್ಪಲಿ ಬಿಡಿ. ‘ನಾಳೆ’ ಅಂತ ಯಾರಿಗೋ ಹೇಳಿದ್ದೀರಲ್ಲ, ಅವರು ಅದನ್ನು ಮರೆತಿಲ್ಲ.

ಆ ಶ್ರೀಮಂತ ಅವತ್ತು ಮಗಳು ಸಾಕು ಅನ್ನುವ ತನಕ ಚಾಪೆ ಬಿಟ್ಟು ಏಳಲಿಲ್ಲ. ಕೊಟ್ಟ ಮಾತು ತಡವಾಗಿ ನಡೆಯಿತು, ಆದರೆ ನಡೆಯಿತು.